ತಂತ್ರಾಂಶಕ್ಕೆ ಗುಪ್ತಪದವನ್ನು ಹೊರಗಿನಿಂದ ಒದಗಿಸುವ ಕ್ರಮ: ವರ್ತಕರು ತಿಳಿದಿರಬೇಕಾದ ಅಂಶಗಳು

ರಾಜ್ಯದಲ್ಲಿ 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದ ನಂತರದ ವರ್ಷಗಳಲ್ಲಿ ನಮ್ಮ ವರ್ತಕ ಬಾಂಧವರು ‘ಇ-ಸುಗಮ’ದ ಮೂಲಕ ಸರಕು ಸಾಗಣೆಯ ವಿವರವನ್ನು ಗಣಕಯಂತ್ರದಲ್ಲಿ ಸಲ್ಲಿಸುವುದನ್ನು ರೂಢಿಸಿಕೊಂಡರು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಬಂದಿತು. ಅದೇ ವರ್ಷ ಸೆಪ್ಟೆಂಬರ್ 12ರಂದು ಹೊಸ ಇ-ವೇ ಬಿಲ್ ವ್ಯವಸ್ಥೆಯನ್ನು ದೇಶದಲ್ಲಿಯೇ ಮೊದಲು ಆರಂಭಿಸಿದ ರಾಜ್ಯ ಕರ್ನಾಟಕ. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ದೇಶದಾದ್ಯಂತ ಇ-ವೇ ಬಿಲ್ ಕಡ್ಡಾಯವಾದಾಗ, ರಾಜ್ಯದೊಳಗಿನ ಸಾಗಣೆಗೂ ಅದೇ ದಿನದಿಂದ ಅದನ್ನು ಅನ್ವಯಿಸಿದ ರಾಜ್ಯವೂ ನಮ್ಮದೊಂದೇ.

ಆರಂಭದಲ್ಲಿ ಗುಮಾಸ್ತರು ಪೋರ್ಟಲ್ ತೆರೆದು, ಬಳಕೆದಾರರ ಹೆಸರು ಮತ್ತು ಗುಪ್ತಪದ ನಮೂದಿಸಿ, ವಿವರಗಳನ್ನು ಕೈಯಾರೆ ತುಂಬುತ್ತಿದ್ದರು. ಇಂದು ಅನೇಕ ಅಂಗಡಿ, ಮಂಡಿ ಹಾಗೂ ಸಣ್ಣ ಕಾರ್ಖಾನೆಗಳಲ್ಲಿ ಬಿಲ್ಲಿನ ತಂತ್ರಾಂಶವೇ ನೇರವಾಗಿ ಪೋರ್ಟಲನ್ನು ಸಂಪರ್ಕಿಸಿ ಇ-ವೇ ಬಿಲ್ ಸಂಖ್ಯೆಯನ್ನು ತಂದುಕೊಡುತ್ತದೆ. ಹಾಗೆ ಮಾಡಬೇಕಾದರೆ ಆ ತಂತ್ರಾಂಶದ ಬಳಿ ನಮ್ಮ ಬಳಕೆದಾರರ ಹೆಸರೂ ಗುಪ್ತಪದವೂ ಇರಲೇಬೇಕು. ಅವು ತಂತ್ರಾಂಶದಲ್ಲಿ ಎಲ್ಲಿವೆ? ಅವುಗಳನ್ನು ಬದಲಾಯಿಸುವ ಅಧಿಕಾರ ಯಾರ ಕೈಯಲ್ಲಿದೆ? ಬಹುಪಾಲು ವರ್ತಕರು ಈ ಪ್ರಶ್ನೆಯನ್ನು ಕೇಳಿಲ್ಲ. ಗುಪ್ತಪದವನ್ನು ತಂತ್ರಾಂಶದೊಳಗೆ ಬರೆದಿಡದೆ ಹೊರಗಿನಿಂದ ಪೂರೈಸುವ ಒಂದು ಕ್ರಮವಿದೆ. ತಂತ್ರಜ್ಞರು ಅದನ್ನು ‘ಡಿಪೆಂಡೆನ್ಸಿ ಇಂಜೆಕ್ಷನ್’ ಎನ್ನುತ್ತಾರೆ. ಆ ಕ್ರಮವೇನು, ಅದರಿಂದ ವರ್ತಕರಿಗೆ ಆಗುವ ಪ್ರಯೋಜನವೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಗಡಿಯಂಚಿನ ಒಂದು ಘಟಕದ ಉದಾಹರಣೆ

ವಿಷಯ ಸುಲಭವಾಗಿ ತಿಳಿಯಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯಲ್ಲಿ ಮಾವಿನ ತಿರುಳನ್ನು ಡಬ್ಬಿಗಳಲ್ಲಿ ತುಂಬಿ ಮಾರುವ ಒಂದು ಸಣ್ಣ ಘಟಕವಿದೆ ಎಂದಿಟ್ಟುಕೊಳ್ಳಿ. ತೋಟದಿಂದ ಬರುವ ತಾಜಾ ಮಾವಿಗೆ ತೆರಿಗೆಯಿಲ್ಲ, ಅದರ ಸಾಗಣೆಗೆ ಇ-ವೇ ಬಿಲ್ಲೂ ಬೇಕಿಲ್ಲ. ಆದರೆ ತಿರುಳು ತೆರಿಗೆಗೆ ಒಳಪಟ್ಟ ಸರಕು. ಗೌನಿಪಲ್ಲಿಯು ಆಂಧ್ರಪ್ರದೇಶದ ಗಡಿಗೆ ಸಮೀಪವಿರುವುದರಿಂದ ಮದನಪಲ್ಲಿಗೋ ಚಿತ್ತೂರಿಗೋ ಹೊರಟ ಲಾರಿ ಸ್ವಲ್ಪ ಹೊತ್ತಿನಲ್ಲಿಯೇ ಬೇರೆ ರಾಜ್ಯವನ್ನು ಪ್ರವೇಶಿಸುತ್ತದೆ. ಸರಕಿನ ಮೌಲ್ಯ ರೂ. 50,000 ಮೀರಿದ್ದರೆ ಇ-ವೇ ಬಿಲ್ ಇಲ್ಲದೆ ಆ ಲಾರಿ ಹೊರಡುವಂತಿಲ್ಲ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 129ನೇ ಪ್ರಕರಣದ ಮೇರೆಗೆ ಸರಕನ್ನೂ ವಾಹನವನ್ನೂ ತಡೆಹಿಡಿಯಬಹುದು. ಸರಕಿನ ಮಾಲೀಕರೇ ಮುಂದೆ ಬಂದು ಬಿಡಿಸಿಕೊಳ್ಳುವಾಗಲೂ ದಂಡವು ತೆರಿಗೆಯ ಶೇಕಡಾ 200ರಷ್ಟಿದೆ.

ಈ ಘಟಕದ ತಂತ್ರಾಂಶದಲ್ಲಿ ನಾಲ್ಕು ಭಾಗಗಳಿವೆ. ಒಂದು ಬಿಲ್ಲು ತಯಾರಿಸುತ್ತದೆ. ಇನ್ನೊಂದು ದಾಸ್ತಾನಿನ ಲೆಕ್ಕ ಇಡುತ್ತದೆ. ಮೂರನೆಯದು ಇ-ವೇ ಬಿಲ್ ಪೋರ್ಟಲನ್ನು ಸಂಪರ್ಕಿಸುತ್ತದೆ. ನಾಲ್ಕನೆಯದು ಗಿರಾಕಿಗೆ ಎಸ್‌ಎಂಎಸ್ ಕಳುಹಿಸುತ್ತದೆ. ಪ್ರತಿಯೊಂದಕ್ಕೂ ಒಂದೊಂದು ಬೀಗದ ಕೈ ಬೇಕು. ದಾಸ್ತಾನಿನ ಭಾಗಕ್ಕೆ ದತ್ತಸಂಚಯದ ಗುಪ್ತಪದ, ಇ-ವೇ ಬಿಲ್ ಭಾಗಕ್ಕೆ ಪೋರ್ಟಲಿನ ಗುಪ್ತಪದ, ಎಸ್‌ಎಂಎಸ್ ಭಾಗಕ್ಕೆ ಆ ಸೇವೆ ನೀಡುವ ಸಂಸ್ಥೆಯ ಕೀಲಿ, ಹೀಗೆ.

ಗುಪ್ತಪದವನ್ನು ಒಳಗೇ ಬರೆದಿಟ್ಟರೆ ಆಗುವ ತೊಂದರೆ

ತಂತ್ರಾಂಶ ಬರೆಯುವವರಿಗೆ ಅತ್ಯಂತ ಸುಲಭವಾದ ದಾರಿಯೆಂದರೆ ಗುಪ್ತಪದವನ್ನು ಕಾರ್ಯಕ್ರಮದ ಸಾಲುಗಳ ನಡುವೆಯೇ ಬರೆದುಬಿಡುವುದು. ಮೊದಲ ದಿನ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ತೊಂದರೆಗಳು ಕಾಣಿಸುವುದು ನಂತರ.

ಮೊದಲನೆಯದಾಗಿ, ಗುಪ್ತಪದ ಬದಲಾದ ದಿನ ತಂತ್ರಾಂಶ ನಿಂತುಹೋಗುತ್ತದೆ. ಗುಮಾಸ್ತರೊಬ್ಬರು ಕೆಲಸ ಬಿಟ್ಟುಹೋದರೆಂದು ಯಜಮಾನರು ಮುನ್ನೆಚ್ಚರಿಕೆಯಾಗಿ ಪೋರ್ಟಲಿನಲ್ಲಿ ಗುಪ್ತಪದ ಬದಲಾಯಿಸುತ್ತಾರೆ. ಅದು ಸರಿಯಾದ ಕ್ರಮವೇ. ಆದರೆ ತಂತ್ರಾಂಶದೊಳಗೆ ಹಳೆಯದೇ ಉಳಿದಿರುತ್ತದೆ. ಅಂದು ರಾತ್ರಿ ಲಾರಿ ತುಂಬಿ ನಿಂತಾಗ ಇ-ವೇ ಬಿಲ್ ಬರುವುದಿಲ್ಲ. ತಂತ್ರಾಂಶ ಬರೆದವರು ಬೆಂಗಳೂರಿನಲ್ಲಿದ್ದು ದೂರವಾಣಿಗೆ ಸಿಗದಿದ್ದರೆ ಮರುದಿನದವರೆಗೆ ಕಾಯಬೇಕು. ಇದರ ಅನುಭವ ಒಮ್ಮೆ ಆದವರು ಮತ್ತೆ ಗುಪ್ತಪದ ಬದಲಾಯಿಸಲು ಹಿಂಜರಿಯುತ್ತಾರೆ. ಹೀಗೆ ವರ್ಷಗಟ್ಟಲೆ ಒಂದೇ ಗುಪ್ತಪದ ಉಳಿದು, ಬಿಟ್ಟುಹೋದವರಿಗೆಲ್ಲ ತಿಳಿದ ಸಂಗತಿಯಾಗುತ್ತದೆ.

ಎರಡನೆಯದಾಗಿ, ತಂತ್ರಾಂಶದ ಪ್ರತಿಯೊಂದು ನಕಲಿನಲ್ಲೂ ಗುಪ್ತಪದದ ನಕಲಿರುತ್ತದೆ. ರಿಪೇರಿಗೆ ಹೋದ ಗಣಕಯಂತ್ರದಲ್ಲಿ, ಬ್ಯಾಕಪ್ ತೆಗೆದ ಪೆನ್‌ಡ್ರೈವಿನಲ್ಲಿ, ತಂತ್ರಾಂಶ ಬರೆದವರ ಕಚೇರಿಯಲ್ಲಿ ನಮ್ಮ ಬೀಗದ ಕೈ ಬಿದ್ದಿರುತ್ತದೆ. ಎಷ್ಟು ನಕಲುಗಳು ಎಲ್ಲೆಲ್ಲಿವೆ ಎಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ಇದು ದೊಡ್ಡ ಸಂಸ್ಥೆಗಳನ್ನೂ ಬಿಟ್ಟಿಲ್ಲ. ಜಪಾನಿನ ಟೊಯೋಟಾ ಸಂಸ್ಥೆಯು 2022ರ ಅಕ್ಟೋಬರಿನಲ್ಲಿ ಒಂದು ಪ್ರಕಟಣೆ ನೀಡಿತು. ಅದರ ‘ಟಿ-ಕನೆಕ್ಟ್’ ಸೇವೆಯ ಕಾರ್ಯಕ್ರಮದ ಒಂದು ಭಾಗವು ಗಿಟ್‌ಹಬ್ ತಾಣದಲ್ಲಿ 2017ರ ಡಿಸೆಂಬರಿನಿಂದ 2022ರ ಸೆಪ್ಟೆಂಬರಿನವರೆಗೆ ಎಲ್ಲರಿಗೂ ಕಾಣುವಂತೆ ಉಳಿದಿತ್ತು. ಅದರ ಸಾಲುಗಳಲ್ಲಿ ಸಂಸ್ಥೆಯ ಸರ್ವರಿನ ಕೀಲಿಯೂ ಇತ್ತು. ಇದರಿಂದಾಗಿ 2,96,019 ಗ್ರಾಹಕರ ಇ-ಮೇಲ್ ವಿಳಾಸಗಳು ಹೊರಗಿನವರಿಗೆ ಸಿಕ್ಕಿರುವ ಸಾಧ್ಯತೆಯನ್ನು ಸಂಸ್ಥೆಯೇ ಒಪ್ಪಿಕೊಂಡಿತು. ಬಾಡಿಗೆ ಕಾರಿನ ಸೇವೆ ನೀಡುವ ಉಬರ್ ಸಂಸ್ಥೆಯಲ್ಲಿ 2016ರಲ್ಲಿ ನಡೆದ ಕಳವಿನಲ್ಲೂ ಕಳ್ಳರಿಗೆ ದಾರಿಯಾದದ್ದು ಕಾರ್ಯಕ್ರಮದ ಸಂಗ್ರಹದಲ್ಲಿ ಸಿಕ್ಕ ಕೀಲಿಯೇ. ಸುಮಾರು 5.7 ಕೋಟಿ ಜನರ ವಿವರಗಳು ಅಂದು ಕಳವಾದವು.

ಮೂರನೆಯದಾಗಿ, ಪೋರ್ಟಲಿನಲ್ಲಿ ನಮ್ಮ ಹೆಸರಿನಿಂದ ನಡೆಯುವ ವ್ಯವಹಾರಕ್ಕೆ ಇಲಾಖೆಯು ಮೊದಲು ವಿವರಣೆ ಕೇಳುವುದು ನೋಂದಾಯಿತ ವರ್ತಕರನ್ನೇ. ನಮ್ಮ ಗುಪ್ತಪದ ಬಳಸಿ ಯಾರೋ ಸುಳ್ಳು ಇ-ವೇ ಬಿಲ್ ತೆಗೆದರೆ, ಅದು ತಮ್ಮದಲ್ಲವೆಂದು ತೋರಿಸಿಕೊಡುವ ಹೊರೆ ಯಜಮಾನರ ಮೇಲೆ ಬೀಳುತ್ತದೆ.

ಹೊರಗಿನಿಂದ ಪೂರೈಸುವ ಕ್ರಮ

ನಮ್ಮ ಮಂಡಿಗಳಲ್ಲಿ ಮುಂಜಾನೆ ಯಜಮಾನರು ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಗುಮಾಸ್ತರಿಗೆ ಕೊಡುತ್ತಾರೆ, ಸಂಜೆ ಹಿಂದಕ್ಕೆ ಪಡೆಯುತ್ತಾರೆ. ಗುಮಾಸ್ತರು ಬದಲಾದರೆ ಬೀಗ ಬದಲಾಯಿಸಬೇಕಿಲ್ಲ. ಬೀಗ ಬದಲಾದರೆ ಗುಮಾಸ್ತರನ್ನು ಬದಲಾಯಿಸಬೇಕಿಲ್ಲ. ಗುಮಾಸ್ತರಿಗೆ ತಿಳಿದಿರಬೇಕಾದದ್ದು ಇಷ್ಟೇ: ಕೆಲಸ ಆರಂಭಿಸುವಾಗ ಬೀಗದ ಕೈ ತಮ್ಮ ಕೈಗೆ ಬರುತ್ತದೆ. ಅದು ಯಾವ ಅಂಗಡಿಯಲ್ಲಿ ಮಾಡಿಸಿದ್ದು, ಯಜಮಾನರು ರಾತ್ರಿ ಅದನ್ನು ಎಲ್ಲಿಡುತ್ತಾರೆ ಎಂಬುದು ಅವರಿಗೆ ಬೇಕಿಲ್ಲ.

ಡಿಪೆಂಡೆನ್ಸಿ ಇಂಜೆಕ್ಷನ್ ಎಂಬುದು ಇದೇ ರೂಢಿಯನ್ನು ತಂತ್ರಾಂಶಕ್ಕೆ ಅನ್ವಯಿಸುತ್ತದೆ. ಡಿಪೆಂಡೆನ್ಸಿ ಎಂದರೆ ಒಂದು ಭಾಗವು ತನ್ನ ಕೆಲಸಕ್ಕಾಗಿ ಅವಲಂಬಿಸಿರುವ ವಸ್ತು. ಅದನ್ನು ಆ ಭಾಗವು ತಾನೇ ಹುಡುಕಿ ತರುವುದಿಲ್ಲ, ತನ್ನೊಳಗೆ ಬರೆದುಕೊಂಡೂ ಇರುವುದಿಲ್ಲ. ಹೊರಗಿನವರು ಅದನ್ನು ಒಳಗೆ ಕೊಡುತ್ತಾರೆ. ಆದ್ದರಿಂದ ಇಂಜೆಕ್ಷನ್ ಎಂಬ ಹೆಸರು. ಈ ಹೆಸರನ್ನು ಪ್ರಚಾರಕ್ಕೆ ತಂದದ್ದು ಮಾರ್ಟಿನ್ ಫೌಲರ್ ಅವರು 2004ರ ಜನವರಿಯಲ್ಲಿ ಬರೆದ ಲೇಖನ. ಅದೇ ವರ್ಷ ಜಾವಾ ಭಾಷೆಯ ‘ಸ್ಪ್ರಿಂಗ್’ ಎಂಬ ಚೌಕಟ್ಟಿನ ಮೊದಲ ಪೂರ್ಣ ಆವೃತ್ತಿಯೂ ಹೊರಬಂದು, ಈ ಕ್ರಮ ಉದ್ದಿಮೆಗಳ ತಂತ್ರಾಂಶಗಳಲ್ಲಿ ವ್ಯಾಪಕವಾಯಿತು.

ನಮ್ಮ ಗೌನಿಪಲ್ಲಿ ಘಟಕದ ತಂತ್ರಾಂಶ ಈ ಕ್ರಮದಲ್ಲಿ ಹೀಗೆ ನಡೆಯುತ್ತದೆ. ಬೆಳಿಗ್ಗೆ ತಂತ್ರಾಂಶ ತೆರೆದೊಡನೆ ಮೊದಲು ಎಚ್ಚರಗೊಳ್ಳುವುದು ‘ಜೋಡಣೆಯ ಭಾಗ’. ಅದು ಯಜಮಾನರು ನಿಗದಿಪಡಿಸಿದ ಸುರಕ್ಷಿತ ಸ್ಥಳದಿಂದ ಗುಪ್ತಪದಗಳನ್ನು ಓದಿಕೊಳ್ಳುತ್ತದೆ. ಬಳಿಕ ಇ-ವೇ ಬಿಲ್ ಭಾಗವನ್ನು ಸೃಷ್ಟಿಸುವಾಗ ಪೋರ್ಟಲಿನ ಗುಪ್ತಪದವನ್ನು ಅದರ ಕೈಗೆ ಕೊಡುತ್ತದೆ. ಎಸ್‌ಎಂಎಸ್ ಭಾಗಕ್ಕೆ ಎಸ್‌ಎಂಎಸ್ ಕೀಲಿಯನ್ನು ಮಾತ್ರ ಕೊಡುತ್ತದೆ. ಗುಪ್ತಪದ ಬದಲಾದರೆ ಯಜಮಾನರು ಆ ಒಂದು ಸ್ಥಳದಲ್ಲಿ ಬದಲಾಯಿಸಿ ತಂತ್ರಾಂಶವನ್ನು ಮತ್ತೆ ತೆರೆದರೆ ಸಾಕು. ಕಾರ್ಯಕ್ರಮದ ಒಂದು ಸಾಲನ್ನೂ ಮುಟ್ಟಬೇಕಿಲ್ಲ, ಬೆಂಗಳೂರಿಗೆ ದೂರವಾಣಿ ಮಾಡಬೇಕಿಲ್ಲ.

ಆರಂಭದಲ್ಲಿಯೇ ಕೊಡುವುದು ಲೇಸು

ಹೀಗೆ ಪೂರೈಸುವುದರಲ್ಲಿಯೂ ಬಗೆಗಳಿವೆ. ಒಂದು ಭಾಗವನ್ನು ಸೃಷ್ಟಿಸುವ ಹೊತ್ತಿನಲ್ಲಿಯೇ ಕೀಲಿಯನ್ನು ಕೊಡುವುದು ಒಂದು ಬಗೆ. ಮೊದಲು ಸೃಷ್ಟಿಸಿ, ಕೀಲಿಯನ್ನು ಆಮೇಲೆ ಕೊಡುವುದು ಇನ್ನೊಂದು ಬಗೆ. ಗುಪ್ತಪದದಂತಹ ಅನಿವಾರ್ಯ ವಸ್ತುವಿಗೆ ಮೊದಲನೆಯದೇ ಲೇಸು. ಕೀಲಿಯಿಲ್ಲದೆ ಆ ಭಾಗ ಹುಟ್ಟುವುದೇ ಇಲ್ಲವಾದ್ದರಿಂದ, ಕೀಲಿ ಇಡಲು ಮರೆತಿದ್ದರೆ ತಂತ್ರಾಂಶವು ಬೆಳಿಗ್ಗೆ ತೆರೆಯುವಾಗಲೇ ‘ಪೋರ್ಟಲಿನ ಗುಪ್ತಪದ ದೊರೆತಿಲ್ಲ’ ಎಂದು ಹೇಳಿ ನಿಲ್ಲುತ್ತದೆ. ಎರಡನೆಯ ಬಗೆಯಲ್ಲಿ ತಂತ್ರಾಂಶವು ದಿನವಿಡೀ ಸುಗಮವಾಗಿ ನಡೆದಂತೆ ಕಂಡು, ರಾತ್ರಿ ಮೊದಲ ಇ-ವೇ ಬಿಲ್ ಕೇಳಿದಾಗ ಕೈಕೊಡಬಹುದು. ದೋಷ ತಿಳಿಯುವುದಾದರೆ ಲಾರಿಗೆ ಸರಕು ತುಂಬುವ ಮೊದಲೇ ತಿಳಿಯಬೇಕು. ಕೊಟ್ಟ ಗುಪ್ತಪದ ತಪ್ಪಾಗಿದ್ದರೂ ಆಗಲೇ ತಿಳಿಯುವಂತೆ, ತೆರೆದೊಡನೆ ಒಮ್ಮೆ ಪೋರ್ಟಲಿಗೆ ಪ್ರವೇಶಿಸಿ ನೋಡುವ ಏರ್ಪಾಡನ್ನೂ ಮಾಡಿಸಬಹುದು.

ಆರು ಗಂಟೆಯ ಟೋಕನ್

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಂತ್ರಾಂಶವು ಪೋರ್ಟಲಿಗೆ ಬಳಕೆದಾರರ ಹೆಸರು ಮತ್ತು ಗುಪ್ತಪದವನ್ನು ತೋರಿಸಿದಾಗ ಪೋರ್ಟಲ್ ಒಂದು ಟೋಕನ್ ನೀಡುತ್ತದೆ. ಮುಂದಿನ ಪ್ರತಿಯೊಂದು ಕೋರಿಕೆಯ ಜೊತೆ ಆ ಟೋಕನನ್ನು ತೋರಿಸಬೇಕು. ಇ-ವೇ ಬಿಲ್ ವ್ಯವಸ್ಥೆಯಲ್ಲಿ ಅದರ ಅವಧಿ 6 ಗಂಟೆ. ಬೆಳಿಗ್ಗೆ 8ಕ್ಕೆ ಪಡೆದ ಟೋಕನ್ ಮಧ್ಯಾಹ್ನ 2ಕ್ಕೆ ಮುಗಿಯುತ್ತದೆ. ಆದ್ದರಿಂದ ಬೆಳಿಗ್ಗೆಯ ಟೋಕನನ್ನೇ ಇ-ವೇ ಬಿಲ್ ಭಾಗದ ಕೈಗೆ ಕೊಟ್ಟು ಸುಮ್ಮನಾದರೆ ಮಧ್ಯಾಹ್ನದ ಮೇಲೆ ಕೆಲಸ ನಿಲ್ಲುತ್ತದೆ.

ಇದಕ್ಕೆ ಪರಿಹಾರವೆಂದರೆ ಕೀಲಿಯ ಬದಲು ‘ಕೀಲಿ ಕೊಡುವವರನ್ನು’ ಪೂರೈಸುವುದು. ಜೋಡಣೆಯ ಭಾಗವು ಇ-ವೇ ಬಿಲ್ ಭಾಗಕ್ಕೆ ಒಂದು ಪುಟ್ಟ ಉಗ್ರಾಣಿಯನ್ನು ಒಪ್ಪಿಸುತ್ತದೆ ಎನ್ನಬಹುದು. ಟೋಕನ್ ಬೇಕಾದಾಗಲೆಲ್ಲ ಆ ಉಗ್ರಾಣಿಯನ್ನು ಕೇಳಬೇಕು. ಅವಧಿ ಉಳಿದಿದ್ದರೆ ಇರುವುದನ್ನೇ ಕೊಡುತ್ತದೆ, ಮುಗಿದಿದ್ದರೆ ಪೋರ್ಟಲಿನಿಂದ ಹೊಸದನ್ನು ತಂದುಕೊಡುತ್ತದೆ. ಇ-ವೇ ಬಿಲ್ ಭಾಗಕ್ಕೆ ಅವಧಿಯ ಚಿಂತೆಯಿಲ್ಲ. ಈ ವಿಧಾನದ ಇನ್ನೊಂದು ಲಾಭವೆಂದರೆ ಮೂಲ ಗುಪ್ತಪದವು ಉಗ್ರಾಣಿಯ ಹೊರತು ಬೇರಾವ ಭಾಗದ ಕೈಗೂ ಹೋಗುವುದಿಲ್ಲ.

ಪರೀಕ್ಷೆಗೆ ಬೇರೆ ಕೀಲಿ

ಹೊಸ ತಂತ್ರಾಂಶವನ್ನು ಪರೀಕ್ಷಿಸದೆ ಬಳಕೆಗೆ ತರುವಂತಿಲ್ಲ. ಆದರೆ ನಿಜವಾದ ಪೋರ್ಟಲಿನಲ್ಲಿ ಪರೀಕ್ಷೆಗೆಂದು ಇ-ವೇ ಬಿಲ್ ತೆಗೆದರೆ ಅದು ನಿಜವಾದ ಇ-ವೇ ಬಿಲ್ಲೇ ಆಗುತ್ತದೆ. ಅದನ್ನು ತಿದ್ದಲು ಅಥವಾ ಅಳಿಸಲು ಬರುವುದಿಲ್ಲ. 24 ಗಂಟೆಗಳೊಳಗೆ ರದ್ದುಪಡಿಸಬಹುದು ಅಷ್ಟೇ. ಆದ್ದರಿಂದಲೇ ತಂತ್ರಾಂಶ ಬರೆಯುವವರಿಗಾಗಿ ‘ಸ್ಯಾಂಡ್‌ಬಾಕ್ಸ್’ ಎಂಬ ಪರೀಕ್ಷಾ ಅಂಗಳವನ್ನು ಪ್ರತ್ಯೇಕವಾಗಿ ಒದಗಿಸಲಾಗಿದೆ. ಅದಕ್ಕೆ ಬೇರೆಯದೇ ಕೀಲಿ.

ಗುಪ್ತಪದ ಕಾರ್ಯಕ್ರಮದೊಳಗೆ ಬರೆದಿದ್ದರೆ ಪರೀಕ್ಷೆಗೊಮ್ಮೆ, ಬಳಕೆಗೊಮ್ಮೆ ಸಾಲುಗಳನ್ನು ತಿದ್ದಬೇಕಾಗುತ್ತದೆ. ತಿದ್ದಲು ಮರೆತರೆ ಪರೀಕ್ಷೆಯ ಬಿಲ್ಲು ನಿಜವಾದ ಪೋರ್ಟಲಿಗೆ ಹೋಗುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, ನಿಜವಾದ ಲಾರಿಯು ಪರೀಕ್ಷೆಯ ಸಂಖ್ಯೆ ಹಿಡಿದು ರಸ್ತೆಗೆ ಇಳಿಯುವುದು. ಹೊರಗಿನಿಂದ ಪೂರೈಸುವ ಕ್ರಮದಲ್ಲಿ ತಂತ್ರಾಂಶ ಒಂದೇ. ಪರೀಕ್ಷಾ ಯಂತ್ರದಲ್ಲಿ ಪರೀಕ್ಷೆಯ ವಿಳಾಸವನ್ನೂ ಕೀಲಿಯನ್ನೂ ಇಟ್ಟಿರುತ್ತಾರೆ, ಘಟಕದ ಯಂತ್ರದಲ್ಲಿ ನಿಜವಾದವನ್ನು ಇಟ್ಟಿರುತ್ತಾರೆ.

ಈ ಕ್ರಮದಿಂದ ಆಗದಿರುವ ಕೆಲಸ

ಡಿಪೆಂಡೆನ್ಸಿ ಇಂಜೆಕ್ಷನ್ ತಿಜೋರಿಯಲ್ಲ ಎಂಬುದನ್ನು ಮರೆಯಬಾರದು. ಅದು ಕೀಲಿಯನ್ನು ಕೈಯಿಂದ ಕೈಗೆ ಕ್ರಮಬದ್ಧವಾಗಿ ದಾಟಿಸುವ ಏರ್ಪಾಡು ಮಾತ್ರ. ಕೀಲಿಯನ್ನು ಇಡುವ ಸ್ಥಳದ ಭದ್ರತೆಯನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಕಾರ್ಯಕ್ರಮದಿಂದ ಗುಪ್ತಪದ ತೆಗೆದು, ಅದೇ ಕಡತಕೋಶದಲ್ಲಿ ‘ಪಾಸ್‌ವರ್ಡ್’ ಎಂಬ ಹೆಸರಿನ ತೆರೆದ ಕಡತದಲ್ಲಿ ಬರೆದಿಟ್ಟರೆ ಹೆಚ್ಚಿನ ಲಾಭವಿಲ್ಲ. ಬ್ಯಾಕಪ್ ಪೆನ್‌ಡ್ರೈವಿಗೆ ಅದೂ ಹೋಗುತ್ತದೆ.

ಒಂದೇ ಗಣಕಯಂತ್ರವಿರುವ ಸಣ್ಣ ಘಟಕಕ್ಕೆ ವಿಂಡೋಸ್ ವ್ಯವಸ್ಥೆಯಲ್ಲಿಯೇ ಇರುವ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ ಸಾಕಾಗಬಹುದು. ಅದು ಗುಪ್ತಪದವನ್ನು ಸಂಕೇತ ಲಿಪಿಗೆ ಬದಲಾಯಿಸಿ, ಆಯಾ ಬಳಕೆದಾರರ ಖಾತೆಗೆ ಕಟ್ಟಿಡುತ್ತದೆ. ಅನೇಕ ಶಾಖೆಗಳಿರುವ ಸಂಸ್ಥೆಗಳಿಗೆ ಕೀಲಿಗಳಿಗೆಂದೇ ಇರುವ ಪ್ರತ್ಯೇಕ ತಿಜೋರಿ ತಂತ್ರಾಂಶಗಳು ಲಭ್ಯವಿವೆ. ಯಾವುದನ್ನೇ ಬಳಸಿದರೂ, ತಂತ್ರಾಂಶವು ತನ್ನ ದೈನಂದಿನ ದಾಖಲೆ ಕಡತದಲ್ಲಿ ಗುಪ್ತಪದವನ್ನಾಗಲೀ ಟೋಕನನ್ನಾಗಲೀ ಬರೆಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ದೋಷ ಹುಡುಕಲೆಂದು ಆ ಕಡತವನ್ನು ಹೊರಗಿನವರಿಗೆ ಕಳುಹಿಸುವ ಪ್ರಸಂಗ ಬರುತ್ತಲೇ ಇರುತ್ತದೆ.

ಪೋರ್ಟಲಿನಲ್ಲಿ ಯಜಮಾನರು ಮಾಡಿಕೊಳ್ಳಬೇಕಾದದ್ದು

ಇ-ವೇ ಬಿಲ್ ಪೋರ್ಟಲಿನಲ್ಲಿ ಉಪ-ಬಳಕೆದಾರರನ್ನು ಸೃಷ್ಟಿಸುವ ಅವಕಾಶವಿದೆ. ಪ್ರತಿಯೊಬ್ಬ ಗುಮಾಸ್ತರಿಗೂ ಪ್ರತ್ಯೇಕ ಹೆಸರು ಕೊಟ್ಟು, ಅವರಿಗೆ ಅಗತ್ಯವಿರುವ ಅಧಿಕಾರವನ್ನಷ್ಟೇ ನೀಡಬಹುದು. ಕೆಲಸ ಬಿಟ್ಟವರ ಹೆಸರನ್ನು ಅಂದೇ ಸ್ಥಗಿತಗೊಳಿಸಬಹುದು. ಯಜಮಾನರ ಮೂಲ ಗುಪ್ತಪದವನ್ನು ಯಾರಿಗೂ ಕೊಡಬೇಕಾಗಿಲ್ಲ.

ಜಿಎಸ್‌ಪಿ ಎಂದು ಕರೆಯಲಾಗುವ ಜಿಎಸ್‌ಟಿ ಸುವಿಧಾ ಪೂರೈಕೆದಾರರ ಮೂಲಕ ಸಂಪರ್ಕಿಸುವ ತಂತ್ರಾಂಶಕ್ಕಾಗಿಯೂ ಅದೇ ಪೋರ್ಟಲಿನಲ್ಲಿ ಬೇರೊಂದು ಬಳಕೆದಾರರ ಹೆಸರನ್ನೂ ಗುಪ್ತಪದವನ್ನೂ ಸೃಷ್ಟಿಸಿಕೊಳ್ಳಬಹುದು. ತಂತ್ರಾಂಶಕ್ಕೆ ಕೊಡಬೇಕಾದದ್ದು ಇದನ್ನೇ ಹೊರತು, ನಾವು ಪೋರ್ಟಲಿಗೆ ಪ್ರವೇಶಿಸುವ ಗುಪ್ತಪದವನ್ನಲ್ಲ. ಪೂರೈಕೆದಾರರನ್ನು ಬದಲಾಯಿಸಿದಾಗ ಹಳಬರಿಗೆ ಕೊಟ್ಟದ್ದನ್ನು ರದ್ದುಪಡಿಸುವುದು ಅವಶ್ಯ.

2025ರ ಏಪ್ರಿಲ್ 1ರಿಂದ ಇ-ವೇ ಬಿಲ್ ಮತ್ತು ಇ-ಇನ್‌ವಾಯ್ಸ್ ಪೋರ್ಟಲುಗಳಲ್ಲಿ ಎಲ್ಲ ತೆರಿಗೆದಾರರಿಗೂ ಎರಡು ಹಂತದ ದೃಢೀಕರಣ ಕಡ್ಡಾಯವಾಗಿದೆ. ಗುಪ್ತಪದದ ಜೊತೆಗೆ ಒಟಿಪಿಯನ್ನೂ ನಮೂದಿಸಬೇಕು. ಇದರಿಂದ ಮನುಷ್ಯರು ಪ್ರವೇಶಿಸುವ ಬಾಗಿಲು ಭದ್ರವಾಯಿತು. ಆದರೆ ತಂತ್ರಾಂಶವು ರಾತ್ರಿ ಹೊತ್ತು ತಾನಾಗಿಯೇ ಸಂಪರ್ಕಿಸುವಾಗ ಒಟಿಪಿ ಒತ್ತಲು ಯಾರೂ ಕುಳಿತಿರುವುದಿಲ್ಲ. ಅಲ್ಲಿ ಕಾವಲಿರುವುದು ನಾವು ತಂತ್ರಾಂಶಕ್ಕೆ ಕೊಟ್ಟ ಕೀಲಿಗಳು ಮಾತ್ರ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು ರೂ. 5 ಕೋಟಿ ಮೀರಿದವರಿಗೆ ಇ-ಇನ್‌ವಾಯ್ಸ್ ಅನ್ವಯಿಸಿದ ಮೇಲೆ ಇಂತಹ ಸಂಪರ್ಕವು ಮಧ್ಯಮ ಗಾತ್ರದ ಘಟಕಗಳಿಗೂ ನಿತ್ಯದ ಅಗತ್ಯವಾಗಿದೆ.

ತಂತ್ರಾಂಶ ಮಾರುವವರನ್ನು ಕೇಳಬೇಕಾದ ಪ್ರಶ್ನೆಗಳು

ಹೊಸ ತಂತ್ರಾಂಶ ಕೊಳ್ಳುವಾಗ ಅಥವಾ ಇರುವ ತಂತ್ರಾಂಶದ ವಾರ್ಷಿಕ ನಿರ್ವಹಣಾ ಕರಾರನ್ನು ನವೀಕರಿಸುವಾಗ ಸದಸ್ಯರು ಈ ಕೆಳಗಿನ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು.

1. ನಮ್ಮ ಗುಪ್ತಪದವು ಕಾರ್ಯಕ್ರಮದ ಒಳಗಿದೆಯೋ ಹೊರಗಿದೆಯೋ? ಹೊರಗಿದ್ದರೆ ಎಲ್ಲಿ, ಯಾವ ರೂಪದಲ್ಲಿ?

2. ನಾವು ಪೋರ್ಟಲಿನಲ್ಲಿ ಗುಪ್ತಪದ ಬದಲಾಯಿಸಿದರೆ ತಂತ್ರಾಂಶದಲ್ಲಿ ನಾವೇ ಬದಲಾಯಿಸಬಹುದೇ, ನಿಮ್ಮವರು ಬರಬೇಕೇ?

3. ಗುಪ್ತಪದ ಇಲ್ಲದಿದ್ದರೆ ಅಥವಾ ತಪ್ಪಾಗಿದ್ದರೆ ಅದು ತಂತ್ರಾಂಶ ತೆರೆದೊಡನೆ ತಿಳಿಯುವುದೇ, ಬಿಲ್ಲು ಮಾಡುವಾಗ ತಿಳಿಯುವುದೇ?

4. ತಂತ್ರಾಂಶದ ಯಾವ ಭಾಗಕ್ಕೆ ಯಾವ ಕೀಲಿ ದೊರೆಯುತ್ತದೆ? ಎಲ್ಲ ಭಾಗಗಳಿಗೂ ಎಲ್ಲ ಕೀಲಿಗಳೂ ಸಿಗುತ್ತಿವೆಯೇ?

5. ಪರೀಕ್ಷೆಗೆ ಪ್ರತ್ಯೇಕ ಕೀಲಿಗಳಿವೆಯೇ? ನಿಮ್ಮ ಕಚೇರಿಯಲ್ಲಿ ನಮ್ಮ ನಿಜವಾದ ಗುಪ್ತಪದದ ನಕಲಿದೆಯೇ?

6. ಬ್ಯಾಕಪ್ಪಿನಲ್ಲಿ ಮತ್ತು ದೈನಂದಿನ ದಾಖಲೆಯಲ್ಲಿ ಗುಪ್ತಪದ ಸೇರುತ್ತದೆಯೇ?

ಉತ್ತರಗಳ ಸತ್ಯಾಸತ್ಯತೆಯನ್ನು ಅರಿಯಲು ಒಂದು ಸುಲಭ ಪರೀಕ್ಷೆಯಿದೆ. ವ್ಯಾಪಾರ ಕಡಿಮೆಯಿರುವ ಒಂದು ದಿನ, ತಂತ್ರಾಂಶ ಮಾರಿದವರಿಗೆ ತಿಳಿಸದೆ, ತಂತ್ರಾಂಶಕ್ಕೆಂದು ಸೃಷ್ಟಿಸಿದ ಗುಪ್ತಪದವನ್ನು ಪೋರ್ಟಲಿನಲ್ಲಿ ಬದಲಾಯಿಸಿ ನೋಡಿ. ಹೊಸದನ್ನು ತಂತ್ರಾಂಶಕ್ಕೆ ನೀವೇ ಒದಗಿಸಿ ಐದು ಹತ್ತು ನಿಮಿಷಗಳಲ್ಲಿ ಮುಂದಿನ ಇ-ವೇ ಬಿಲ್ ಪಡೆಯಲು ಸಾಧ್ಯವಾದರೆ ಬೀಗದ ಕೈ ನಿಮ್ಮ ಬಳಿಯಿದೆ. ಸಾಧ್ಯವಾಗದಿದ್ದರೆ ಅದು ಬೇರೆಯವರ ಬಳಿಯಿದೆ. ಮಾವಿನ ಸುಗ್ಗಿ ಆರಂಭವಾಗಿ ಲಾರಿಗಳು ಸಾಲುಗಟ್ಟುವ ಮೊದಲೇ ಇದನ್ನು ತಿಳಿದು ಸರಿಪಡಿಸಿಕೊಳ್ಳುವುದು ಕ್ಷೇಮಕರ.